ಮುಕ್ತ ತಂತ್ರಾಂಶದಿಂದ ವರ್ಚುವಲ್ ಸರ್ವರ್‌ಗಳ ಸಮೂಹ: ಸಣ್ಣ ಉದ್ಯಮಗಳು ತಿಳಿದಿರಬೇಕಾದ ಅಂಶಗಳು

ವ್ಯಾಪಾರ ಸಂಸ್ಥೆಗಳ ಲೆಕ್ಕಪತ್ರಗಳು ರಟ್ಟಿನ ಪುಸ್ತಕಗಳಿಂದ ಗಣಕಯಂತ್ರಕ್ಕೆ ವರ್ಗವಾಗಿ ಎರಡು ದಶಕಗಳಿಗೂ ಮೀರಿದ ಕಾಲ ಸಂದಿದೆ. ಆರಂಭದ ವರ್ಷಗಳಲ್ಲಿ ಗಣಕಯಂತ್ರ ಕೆಟ್ಟು ನಿಂತರೆ ಕೈಬರಹದಲ್ಲಿ ಬಿಲ್ ಬರೆದು ಸರಕನ್ನು ಕಳುಹಿಸಿ, ದುರಸ್ತಿಯಾದ ನಂತರ ನಮೂದಿಸಿಕೊಳ್ಳುವುದು ರೂಢಿಯಲ್ಲಿತ್ತು. ಇಂದು ಆ ಅನುಕೂಲ ಬಹುಮಟ್ಟಿಗೆ ಉಳಿದಿಲ್ಲ. 1-4-2018ರಿಂದ ಸರಕು ಸಾಗಣೆಗೆ ಇ-ವೇ ಬಿಲ್ ಜಾರಿಗೆ ಬಂದಿತು; ರಾಜ್ಯದೊಳಗಿನ ಸಾಗಣೆಗೂ ಅದೇ ದಿನದಿಂದ ಅದನ್ನು ಅನ್ವಯಿಸಿದ ಮೊದಲ ರಾಜ್ಯ ಕರ್ನಾಟಕ. 1-8-2023ರಿಂದ ವಾರ್ಷಿಕ ಒಟ್ಟು ವಹಿವಾಟು 5 ಕೋಟಿ ರೂ. ಮೀರಿದವರಿಗೆ ನೋಂದಾಯಿತ ಖರೀದಿದಾರರಿಗೆ ಮಾಡುವ ಮಾರಾಟದಲ್ಲಿ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. 1-4-2025ರಿಂದ 10 ಕೋಟಿ ರೂ. ಹಾಗೂ ಅದಕ್ಕೂ ಹೆಚ್ಚಿನ ವಹಿವಾಟಿನವರು ಇನ್‌ವಾಯ್ಸ್ ದಿನಾಂಕದಿಂದ 30 ದಿನಗಳೊಳಗೆ ಅದನ್ನು ಪೋರ್ಟಲ್‌ಗೆ ವರದಿ ಮಾಡಬೇಕಾಗಿದೆ. ಪೋರ್ಟಲ್ ತೆರೆದಿದ್ದರೂ ಗ್ರಾಹಕರ ದರಪಟ್ಟಿ, ದಾಸ್ತಾನು ಮತ್ತು ಇನ್‌ವಾಯ್ಸ್ ಕ್ರಮಸಂಖ್ಯೆ ಸಂಸ್ಥೆಯ ಸರ್ವರ್‌ನಲ್ಲಿರುವುದರಿಂದ, ಸರ್ವರ್ ನಿಂತರೆ ಲಾರಿಯೂ ಗೇಟಿನಲ್ಲಿಯೇ ನಿಲ್ಲುತ್ತದೆ.

ಹೀಗಿದ್ದರೂ ಅನೇಕ ಸಣ್ಣ ಕೈಗಾರಿಕಾ ಘಟಕಗಳಲ್ಲಿ ಮತ್ತು ಸಗಟು ಮಳಿಗೆಗಳಲ್ಲಿ ಈ ಎಲ್ಲ ಭಾರವನ್ನು ಹೊತ್ತಿರುವುದು ಕಚೇರಿಯ ಮೂಲೆಯಲ್ಲಿರುವ ಒಂದೇ ಸರ್ವರ್. ಅದರ ಮದರ್‌ಬೋರ್ಡ್ ಕೈಕೊಟ್ಟ ದಿನ ಬಿಲ್ಲಿಂಗ್, ದಾಸ್ತಾನು, ಹಾಜರಿ, ವೇತನ ಎಲ್ಲವೂ ಏಕಕಾಲಕ್ಕೆ ಸ್ಥಗಿತಗೊಳ್ಳುತ್ತವೆ. ದೊಡ್ಡ ಕಂಪನಿಗಳು ಹಲವು ಸರ್ವರ್‌ಗಳನ್ನು ಒಂದು ಸಮೂಹವಾಗಿ, ಅಂದರೆ ಕ್ಲಸ್ಟರ್ ಆಗಿ ಜೋಡಿಸಿ ಈ ಅಪಾಯವನ್ನು ಬಹಳ ಹಿಂದೆಯೇ ನಿವಾರಿಸಿಕೊಂಡಿವೆ. ಪರವಾನಗಿ ಶುಲ್ಕದ ಭಾರದಿಂದಾಗಿ ಸಣ್ಣ ಉದ್ಯಮಗಳು ಇದರಿಂದ ದೂರ ಉಳಿದಿದ್ದವು. ಮುಕ್ತ ತಂತ್ರಾಂಶಗಳು ಈ ಅಡ್ಡಿಯನ್ನು ತೆಗೆದುಹಾಕಿವೆ. ಆದರೆ ತಂತ್ರಾಂಶ ಉಚಿತವಾದ ಮಾತ್ರಕ್ಕೆ ವ್ಯವಸ್ಥೆ ಉಚಿತವಾಗುವುದಿಲ್ಲ. ಸಮೂಹದ ರಚನೆ, ಅದರ ನಿಜವಾದ ವೆಚ್ಚ ಹಾಗೂ ಕಾನೂನಿನ ದೃಷ್ಟಿಯಿಂದ ವಹಿಸಬೇಕಾದ ಎಚ್ಚರಗಳನ್ನು ಇಲ್ಲಿ ವಿವರಿಸಲಾಗಿದೆ.

ವರ್ಚುವಲ್ ಯಂತ್ರ ಎಂದರೇನು?

ಒಂದು ವಾಣಿಜ್ಯ ಸಂಕೀರ್ಣವನ್ನು ಕಲ್ಪಿಸಿಕೊಳ್ಳಬಹುದು. ತಳಪಾಯ, ಛಾವಣಿ, ನೀರು, ವಿದ್ಯುತ್ ಸಂಪರ್ಕ ಎಲ್ಲ ಮಳಿಗೆಗಳಿಗೂ ಒಂದೇ. ಆದರೆ ಪ್ರತಿ ಮಳಿಗೆಗೂ ಬೇರೆ ಷಟರ್, ಬೇರೆ ಬೀಗ, ಬೇರೆ ವ್ಯಾಪಾರ. ಒಂದು ಮಳಿಗೆಯನ್ನು ಮುಚ್ಚಿದರೆ ಪಕ್ಕದ ಮಳಿಗೆಗೆ ಬಾಧೆಯಿಲ್ಲ. ಇದೇ ರೀತಿ ಒಂದು ಭೌತಿಕ ಸರ್ವರ್‌ನ ಪ್ರೊಸೆಸರ್, ಮೆಮೊರಿ ಮತ್ತು ಡಿಸ್ಕ್‌ಗಳನ್ನು ಹಂಚಿ, ಪ್ರತ್ಯೇಕ ಗಣಕಯಂತ್ರಗಳಂತೆಯೇ ವರ್ತಿಸುವ ಹಲವು ಯಂತ್ರಗಳನ್ನು ತಂತ್ರಾಂಶದ ಮೂಲಕ ಸೃಷ್ಟಿಸಬಹುದು. ಇವೇ ವರ್ಚುವಲ್ ಯಂತ್ರಗಳು. ಹಂಚಿಕೆಯನ್ನು ನಿರ್ವಹಿಸುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂದು ಹೆಸರು.

ಈ ಕಲ್ಪನೆ ಹೊಸದಲ್ಲ. ಐಬಿಎಂ ಕಂಪನಿಯು 1972ರಲ್ಲಿಯೇ ತನ್ನ ದೊಡ್ಡ ಗಣಕಯಂತ್ರಗಳಿಗೆ ವಿಎಂ/370 ಎಂಬ ವ್ಯವಸ್ಥೆಯನ್ನು ನೀಡಿತ್ತು. ಸಾಮಾನ್ಯ ಗಣಕಯಂತ್ರಗಳಿಗೆ ಇದನ್ನು ತಂದ ಕೀರ್ತಿ ಮುಖ್ಯವಾಗಿ 1998ರಲ್ಲಿ ಸ್ಥಾಪನೆಯಾದ ವಿಎಂವೇರ್ ಕಂಪನಿಗೆ ಸಲ್ಲುತ್ತದೆ. 2005-06ರಲ್ಲಿ ಇಂಟೆಲ್ ಮತ್ತು ಎಎಂಡಿ ಕಂಪನಿಗಳು ತಮ್ಮ ಪ್ರೊಸೆಸರ್‌ಗಳಲ್ಲಿಯೇ ಇದಕ್ಕೆ ಬೇಕಾದ ಸೌಲಭ್ಯವನ್ನು ಅಳವಡಿಸಿದವು. ಆ ಸೌಲಭ್ಯವನ್ನು ಬಳಸಿಕೊಳ್ಳುವ ಕೆವಿಎಂ ಎಂಬ ಮುಕ್ತ ತಂತ್ರಾಂಶವು 2007ರಲ್ಲಿ ಲಿನಕ್ಸ್‌ನ ಅಂಗವಾಯಿತು. ಇಂದಿನ ಅನೇಕ ಕ್ಲೌಡ್ ಸೇವೆಗಳ ಅಡಿಪಾಯವೂ ಇದೇ ಆಗಿದೆ.

ವರ್ಚುವಲ್ ಯಂತ್ರದ ಮುಖ್ಯ ಪ್ರಯೋಜನವೆಂದರೆ ಅದು ಯಾವುದೇ ಒಂದು ಪೆಟ್ಟಿಗೆಗೆ ಕಟ್ಟುಬಿದ್ದಿರುವುದಿಲ್ಲ. ಇಡೀ ಯಂತ್ರವು ಒಂದು ಅಥವಾ ಕೆಲವು ಕಡತಗಳ ರೂಪದಲ್ಲಿರುವುದರಿಂದ ಅದನ್ನು ಒಂದು ಸರ್ವರ್‌ನಿಂದ ಮತ್ತೊಂದಕ್ಕೆ ಸಾಗಿಸಬಹುದು, ಪ್ರತಿ ತೆಗೆಯಬಹುದು, ಬೇರೆಡೆ ಚಾಲನೆಗೊಳಿಸಬಹುದು. ಸಮೂಹದ ಪೂರ್ಣ ಉಪಯುಕ್ತತೆ ಈ ಒಂದು ಗುಣದ ಮೇಲೆ ನಿಂತಿದೆ.

ಮುಕ್ತ ತಂತ್ರಾಂಶದತ್ತ ಗಮನ ಹರಿಯಲು ಕಾರಣ

ಬ್ರಾಡ್‌ಕಾಮ್ ಕಂಪನಿಯು 2023ರ ನವೆಂಬರ್‌ನಲ್ಲಿ ವಿಎಂವೇರ್ ಅನ್ನು ಸ್ವಾಧೀನಪಡಿಸಿಕೊಂಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಒಮ್ಮೆ ಹಣ ಕೊಟ್ಟು ಶಾಶ್ವತವಾಗಿ ಬಳಸುವ ಪರವಾನಗಿಗಳ ಮಾರಾಟವನ್ನು ನಿಲ್ಲಿಸಿ, ಚಂದಾ ಪದ್ಧತಿಯನ್ನು ಮಾತ್ರ ಉಳಿಸಿಕೊಂಡಿತು. 2024ರ ಫೆಬ್ರವರಿಯಲ್ಲಿ ಉಚಿತ ಆವೃತ್ತಿಯನ್ನೂ ಹಿಂತೆಗೆದುಕೊಂಡು, 2025ರ ಏಪ್ರಿಲ್‌ನಲ್ಲಿ ಮರಳಿ ನೀಡಿತು. ಬಂಡವಾಳ ವೆಚ್ಚವೆಂದು ಭಾವಿಸಿ ಖರೀದಿಸಿದ ಸೌಲಭ್ಯವು ಹೀಗೆ ವರ್ಷವರ್ಷವೂ ತೆರಬೇಕಾದ ಕಂದಾಯ ವೆಚ್ಚವಾಗಿ ಮಾರ್ಪಟ್ಟದ್ದು, ಮಾರಾಟಗಾರನೊಬ್ಬನ ನಿರ್ಧಾರದ ಮೇಲೆ ಪೂರ್ಣವಾಗಿ ಅವಲಂಬಿಸುವುದರ ಅಪಾಯವನ್ನು ಎಲ್ಲರಿಗೂ ಮನದಟ್ಟು ಮಾಡಿತು. ಭಾರತ ಸರ್ಕಾರವು 2015ರಲ್ಲಿ ಮುಕ್ತ ತಂತ್ರಾಂಶ ಅಳವಡಿಕೆಯ ಕುರಿತು ನೀತಿಯನ್ನು ಪ್ರಕಟಿಸಿ, ಸರ್ಕಾರಿ ವ್ಯವಸ್ಥೆಗಳಲ್ಲಿ ಅದಕ್ಕೆ ಆದ್ಯತೆ ನೀಡಬೇಕೆಂದು ಸೂಚಿಸಿದುದನ್ನೂ ಇಲ್ಲಿ ಸ್ಮರಿಸಬಹುದು.

ಹಗುರವಾದ ಸಾಧನಗಳ ಪರಿಚಯ

ಸಾಧನಗಳ ಆಯ್ಕೆಯಲ್ಲಿ ಸಣ್ಣ ಸಂಸ್ಥೆಯು ಮೊದಲು ಕೇಳಬೇಕಾದ ಪ್ರಶ್ನೆ, ಅದನ್ನು ನಿರ್ವಹಿಸಲು ಎಷ್ಟು ಜನ ಬೇಕು ಎಂಬುದು. ನಾಸಾ ಮತ್ತು ರ‍್ಯಾಕ್‌ಸ್ಪೇಸ್ ಸಂಸ್ಥೆಗಳು 2010ರಲ್ಲಿ ಆರಂಭಿಸಿದ ಓಪನ್‌ಸ್ಟಾಕ್ ಬಹು ಸಮರ್ಥವಾದುದಾದರೂ, ಅದರ ನಿರ್ವಹಣೆಗೆ ಪರಿಣತರ ತಂಡವೇ ಬೇಕಾಗುತ್ತದೆ. ಮೂರು ಸರ್ವರ್‌ಗಳ ಸಂಸ್ಥೆಗೆ ಅದು ಸಲ್ಲದು. ಒಬ್ಬ ತಂತ್ರಜ್ಞ ಅರೆಕಾಲಿಕವಾಗಿ ನೋಡಿಕೊಳ್ಳಬಹುದಾದ ಸಾಧನಗಳಲ್ಲಿ ಕೆಳಗಿನವು ಪ್ರಮುಖವಾಗಿವೆ.

ಪ್ರಾಕ್ಸ್‌ಮಾಕ್ಸ್ ವಿಇ: ಆಸ್ಟ್ರಿಯಾದ ವಿಯೆನ್ನಾ ನಗರದ ಕಂಪನಿಯೊಂದು 2008ರಿಂದ ಹೊರತರುತ್ತಿರುವ ಈ ತಂತ್ರಾಂಶವು ಡೆಬಿಯನ್ ಲಿನಕ್ಸ್ ಮತ್ತು ಕೆವಿಎಂ ಆಧಾರಿತವಾಗಿದೆ. ಸಮೂಹದ ರಚನೆ, ಯಂತ್ರಗಳ ಸ್ಥಳಾಂತರ, ಬ್ಯಾಕಪ್ ಎಲ್ಲವನ್ನೂ ಬ್ರೌಸರ್ ಮೂಲಕವೇ ನಿರ್ವಹಿಸಬಹುದು. ತಂತ್ರಾಂಶಕ್ಕೆ ಶುಲ್ಕವಿಲ್ಲ; ಹೆಚ್ಚು ಪರೀಕ್ಷಿಸಿದ ಪರಿಷ್ಕರಣೆಗಳು ಹಾಗೂ ತಾಂತ್ರಿಕ ನೆರವು ಬೇಕಾದವರು ಸರ್ವರ್‌ನ ಪ್ರೊಸೆಸರ್ ಸಾಕೆಟ್‌ಗಳ ಸಂಖ್ಯೆಯ ಆಧಾರದ ಮೇಲೆ ವಾರ್ಷಿಕ ಚಂದಾ ನೀಡಬಹುದು.

ಇನ್ಕಸ್: 2023ರಲ್ಲಿ ಎಲ್‌ಎಕ್ಸ್‌ಡಿ ಎಂಬ ತಂತ್ರಾಂಶದಿಂದ ಕವಲೊಡೆದು ಬಂದ ಹಗುರವಾದ ಸಾಧನ. ವರ್ಚುವಲ್ ಯಂತ್ರಗಳ ಜೊತೆಗೆ ಕಂಟೇನರ್‌ಗಳನ್ನೂ ನಿರ್ವಹಿಸುತ್ತದೆ. ಕಂಟೇನರ್‌ಗೆ ಬೇಕಾಗುವ ಮೆಮೊರಿ ಬಹಳ ಕಡಿಮೆ. ಆದರೆ ಅದರಲ್ಲಿ ಲಿನಕ್ಸ್ ಆಧಾರಿತ ಕೆಲಸಗಳು ಮಾತ್ರ ನಡೆಯುತ್ತವೆ, ವಿಂಡೋಸ್ ನಡೆಯುವುದಿಲ್ಲ.

ಗಾನೆಟಿ: ಗೂಗಲ್ ತನ್ನ ಆಂತರಿಕ ಬಳಕೆಗಾಗಿ ರೂಪಿಸಿ 2007ರಲ್ಲಿ ಮುಕ್ತಗೊಳಿಸಿದ ಸಾಧನ. ಸಾಮಾನ್ಯ ದರ್ಜೆಯ ಸರ್ವರ್‌ಗಳ ಮೇಲೆಯೇ ನಡೆಯುತ್ತದೆ. ಆದೇಶಗಳನ್ನು ಟೈಪ್ ಮಾಡಿ ನಿರ್ವಹಿಸಬೇಕಾಗಿರುವುದರಿಂದ ಲಿನಕ್ಸ್ ಅನುಭವವುಳ್ಳವರಿಗೆ ಹೆಚ್ಚು ಸೂಕ್ತ.

ಲಿನಕ್ಸ್ ಅನುಭವ ಕಡಿಮೆ ಇರುವ ಸಂಸ್ಥೆಗಳಿಗೆ ಪ್ರಾಕ್ಸ್‌ಮಾಕ್ಸ್ ಅನುಕೂಲಕರವಾದುದರಿಂದ ಮುಂದಿನ ವಿವರಣೆಗೆ ಅದನ್ನೇ ಆಧಾರವಾಗಿ ಇಟ್ಟುಕೊಳ್ಳಲಾಗಿದೆ.

ಮೂರು ಯಂತ್ರಗಳೇ ಏಕೆ?

ಎರಡು ಸರ್ವರ್‌ಗಳಿದ್ದರೆ ಒಂದು ಕೆಟ್ಟಾಗ ಇನ್ನೊಂದು ಕೆಲಸ ಮಾಡುತ್ತದೆ, ಮೂರನೆಯದು ದುಂದು ಎಂಬ ಭಾವನೆ ಸಹಜ. ತೊಂದರೆ ಇರುವುದು ಯಂತ್ರ ಕೆಟ್ಟಾಗ ಅಲ್ಲ, ಎರಡರ ನಡುವಿನ ಕೇಬಲ್ ಕಡಿದುಹೋದಾಗ. ಎರಡೂ ಚಾಲನೆಯಲ್ಲಿರುತ್ತವೆ; ಆದರೆ ಒಂದಕ್ಕೊಂದು ಸುದ್ದಿಯಿಲ್ಲ. ಮತ್ತೊಂದು ಸತ್ತಿದೆ ಎಂದು ಪ್ರತಿಯೊಂದೂ ಭಾವಿಸಿ, ಒಂದೇ ಬಿಲ್ಲಿಂಗ್ ಯಂತ್ರವನ್ನು ಎರಡೂ ಕಡೆ ಚಾಲನೆಗೊಳಿಸಿದರೆ, ಇಬ್ಬರು ಗುಮಾಸ್ತರು ಒಂದೇ ಖಾತೆಯನ್ನು ಎರಡು ಬೇರೆ ಪುಸ್ತಕಗಳಲ್ಲಿ ಬರೆದಂತಾಗುತ್ತದೆ. ಒಂದೇ ಕ್ರಮಸಂಖ್ಯೆಯ ಎರಡು ಇನ್‌ವಾಯ್ಸ್‌ಗಳು ಹುಟ್ಟುತ್ತವೆ. ನಂತರ ಎರಡು ಪುಸ್ತಕಗಳನ್ನು ಒಂದುಗೂಡಿಸುವುದು ಅಸಾಧ್ಯವೆನ್ನುವಷ್ಟು ಕಷ್ಟ.

ಇದನ್ನು ತಪ್ಪಿಸಲು ಸಮೂಹವು ಕೋರಂ ನಿಯಮವನ್ನು ಅನುಸರಿಸುತ್ತದೆ. ನಿರ್ದೇಶಕರ ಸಭೆಗೆ ಕನಿಷ್ಠ ಹಾಜರಾತಿ ಇರಬೇಕಾದಂತೆ, ಒಟ್ಟು ಮತಗಳ ಅರ್ಧಕ್ಕಿಂತ ಹೆಚ್ಚು ಮತಗಳಿರುವ ಗುಂಪು ಮಾತ್ರ ಕಾರ್ಯ ನಿರ್ವಹಿಸಬಹುದು. ಮೂರು ಯಂತ್ರಗಳಲ್ಲಿ ಎರಡು ಒಂದಾಗಿದ್ದರೆ ಬಹುಮತ ಉಂಟು. ಬೇರ್ಪಟ್ಟ ಯಂತ್ರವು ತಾನು ಒಂಟಿಯೆಂದು ತಿಳಿದು ತನ್ನನ್ನು ತಾನೇ ಮರುಚಾಲನೆ ಮಾಡಿಕೊಳ್ಳುತ್ತದೆ. ಅದರ ಮೇಲಿದ್ದ ವರ್ಚುವಲ್ ಯಂತ್ರಗಳನ್ನು ಉಳಿದ ಎರಡು ಸುಮಾರು ಎರಡು ನಿಮಿಷಗಳಲ್ಲಿ ಚಾಲನೆಗೊಳಿಸಲು ತೊಡಗುತ್ತವೆ. ನಾಲ್ಕು ಯಂತ್ರಗಳಿದ್ದರೆ ಮೂರು ಮತ ಬೇಕು. ಆದುದರಿಂದ ನಾಲ್ಕರ ಸಮೂಹವೂ ಮೂರರಂತೆಯೇ ಒಂದು ಯಂತ್ರದ ನಷ್ಟವನ್ನು ಮಾತ್ರ ತಾಳಿಕೊಳ್ಳುತ್ತದೆ. ಎರಡರ ನಷ್ಟವನ್ನು ತಾಳಲು ಐದು ಬೇಕು.

ಮೂರು ಪೂರ್ಣ ಸರ್ವರ್‌ಗಳಿಗೆ ಹಣ ಸಾಲದಿದ್ದರೆ ಎರಡು ಸರ್ವರ್‌ಗಳ ಜೊತೆಗೆ ಮತ ಹಾಕಲು ಮಾತ್ರ ಒಂದು ಸಣ್ಣ ಗಣಕಯಂತ್ರವನ್ನು ಇಡಬಹುದು. ಅದು ಯಾವ ಕೆಲಸವನ್ನೂ ಹೊರುವುದಿಲ್ಲ. ತಂಟೆ ಬಂದಾಗ ತೀರ್ಪು ನೀಡುವ ಮಧ್ಯಸ್ಥನಂತೆ ಇರುತ್ತದೆ. ಮೂರನೆಯ ಮತವಿಲ್ಲದೆ ಎರಡೇ ಸರ್ವರ್‌ಗಳ ಸಮೂಹವನ್ನು ಒದಗಿಸುವ ಮಾರಾಟಗಾರರ ಪ್ರಸ್ತಾವವನ್ನು ಒಪ್ಪಬಾರದು.

ಯಂತ್ರವೊಂದು ಅನಿರೀಕ್ಷಿತವಾಗಿ ಕೆಟ್ಟಾಗ ಕೆಲಸವು ಎಳ್ಳಷ್ಟೂ ತಡೆಯಿಲ್ಲದೆ ಮುಂದುವರಿಯುತ್ತದೆ ಎಂದು ತಿಳಿಯುವುದು ತಪ್ಪು. ವರ್ಚುವಲ್ ಯಂತ್ರವು ಇನ್ನೊಂದು ಕಡೆ ಹೊಸದಾಗಿ ಆರಂಭವಾಗುತ್ತದೆ. ಉಳಿಸದೆ ಇದ್ದ ವೋಚರ್ ಕಳೆದುಹೋಗುತ್ತದೆ. ಮುಂಚಿತವಾಗಿ ಯೋಜಿಸಿದ ದುರಸ್ತಿ ಅಥವಾ ಪರಿಷ್ಕರಣೆಯ ಸಂದರ್ಭದಲ್ಲಿ ಮಾತ್ರ, ಕೆಲಸ ನಡೆಯುತ್ತಿರುವಾಗಲೇ ಯಂತ್ರವನ್ನು ಒಂದು ಸರ್ವರ್‌ನಿಂದ ಮತ್ತೊಂದಕ್ಕೆ ಸಾಗಿಸಬಹುದು.

ದತ್ತಾಂಶವನ್ನು ಎಲ್ಲಿಡಬೇಕು?

ಯಂತ್ರವು ಬೇರೆಡೆ ಆರಂಭವಾಗಬೇಕಾದರೆ ಅದರ ಡಿಸ್ಕ್‌ನ ಪ್ರತಿಯೂ ಅಲ್ಲಿರಬೇಕು. ಇದಕ್ಕೆ ಮೂರು ಮಾರ್ಗಗಳಿವೆ.

ಮೊದಲನೆಯದು, ನಿಯಮಿತ ಅವಧಿಗೆ ಪ್ರತಿ ಕಳುಹಿಸುವುದು. ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯ ನೆರವಿನಿಂದ ಪ್ರಾಕ್ಸ್‌ಮಾಕ್ಸ್ ಸಾಮಾನ್ಯವಾಗಿ ಪ್ರತಿ 15 ನಿಮಿಷಕ್ಕೊಮ್ಮೆ ಬದಲಾವಣೆಗಳನ್ನು ಮತ್ತೊಂದು ಸರ್ವರ್‌ಗೆ ರವಾನಿಸುತ್ತದೆ. ಈ ಅವಧಿಯನ್ನು ಒಂದು ನಿಮಿಷದವರೆಗೂ ಇಳಿಸಬಹುದು. ವೆಚ್ಚ ಕಡಿಮೆ, ನಿರ್ವಹಣೆ ಸುಲಭ. ಆದರೆ ಯಂತ್ರ ಕೆಟ್ಟಾಗ ಕೊನೆಯ ರವಾನೆಯ ನಂತರದ ನಮೂದುಗಳು ನಷ್ಟವಾಗುತ್ತವೆ.

ಎರಡನೆಯದು, ಪ್ರತಿ ಬರಹವನ್ನೂ ಅದೇ ಕ್ಷಣದಲ್ಲಿ ಎರಡು ಸರ್ವರ್‌ಗಳಲ್ಲಿ ಬರೆಯುವುದು. ಡಿಆರ್‌ಬಿಡಿ ಎಂಬ ಮುಕ್ತ ತಂತ್ರಾಂಶ ಈ ಕೆಲಸವನ್ನು ಮಾಡುತ್ತದೆ. ಗಾನೆಟಿ ಇದನ್ನೇ ಬಳಸುತ್ತದೆ.

ಮೂರನೆಯದು ಸೆಫ್. ಇದು ಎಲ್ಲ ಸರ್ವರ್‌ಗಳ ಡಿಸ್ಕ್‌ಗಳನ್ನು ಒಂದೇ ಉಗ್ರಾಣವಾಗಿ ಒಗ್ಗೂಡಿಸಿ, ವಾಡಿಕೆಯಂತೆ ಪ್ರತಿ ದತ್ತಾಂಶದ ಮೂರು ಪ್ರತಿಗಳನ್ನು ಬೇರೆ ಬೇರೆ ಸರ್ವರ್‌ಗಳಲ್ಲಿಡುತ್ತದೆ. ಒಂದು ಸರ್ವರ್ ಹೋದರೂ ದತ್ತಾಂಶ ಕಳೆದುಹೋಗುವುದಿಲ್ಲ. ಪ್ರತಿಯಾಗಿ, ಕೊಂಡ ಡಿಸ್ಕ್ ಸಾಮರ್ಥ್ಯದ ಮೂರನೇ ಒಂದು ಭಾಗ ಮಾತ್ರ ಬಳಕೆಗೆ ದೊರೆಯುತ್ತದೆ. ಜೊತೆಗೆ ಸೆಕೆಂಡಿಗೆ 10 ಗಿಗಾಬಿಟ್ ವೇಗದ ಪ್ರತ್ಯೇಕ ಜಾಲ ಅಗತ್ಯ.

ಯಾವುದನ್ನು ಆರಿಸಬೇಕೆಂಬುದು ತಂತ್ರಜ್ಞನಿಗೆ ಬಿಡುವ ಪ್ರಶ್ನೆಯಲ್ಲ. ಎಷ್ಟು ನಿಮಿಷಗಳ ನಮೂದುಗಳನ್ನು ಮರಳಿ ಬರೆಯಲು ಸಾಧ್ಯ ಎಂಬುದನ್ನು ಮಾಲೀಕರು ಮತ್ತು ಲೆಕ್ಕಪತ್ರ ವಿಭಾಗದವರು ನಿರ್ಧರಿಸಬೇಕು. ಒಂದು ಉದಾಹರಣೆ: ಬೆಳಿಗ್ಗೆ 11.00ಕ್ಕೆ ಕೊನೆಯ ಪ್ರತಿ ರವಾನೆಯಾಗಿದೆ. 11.10ಕ್ಕೆ ಇ-ಇನ್‌ವಾಯ್ಸ್ ಪೋರ್ಟಲ್‌ನಿಂದ ನೋಂದಣಿ ಸಂಖ್ಯೆ ಪಡೆದು ಲಾರಿ ಹೊರಟಿದೆ. 11.12ಕ್ಕೆ ಸರ್ವರ್ ಕೆಟ್ಟಿದೆ. ಮತ್ತೊಂದು ಸರ್ವರ್‌ನಲ್ಲಿ ಆರಂಭವಾದ ಯಂತ್ರದಲ್ಲಿ 11.00ರ ಸ್ಥಿತಿ ಇರುತ್ತದೆ. ಆ ಇನ್‌ವಾಯ್ಸ್ ಸಂಸ್ಥೆಯ ಪುಸ್ತಕದಲ್ಲಿ ಇಲ್ಲ, ಪೋರ್ಟಲ್‌ನಲ್ಲಿ ಇದೆ. ಗುಮಾಸ್ತರು ಅರಿಯದೆ ಅದೇ ಸಂಖ್ಯೆಯನ್ನು ಮತ್ತೊಬ್ಬ ಗ್ರಾಹಕರ ಬಿಲ್ಲಿಗೆ ಕೊಟ್ಟರೆ ಪೋರ್ಟಲ್ ಅದನ್ನು ಪುನರಾವರ್ತನೆಯೆಂದು ತಿರಸ್ಕರಿಸುತ್ತದೆ. ಆದುದರಿಂದ ಮೊದಲ ಮಾರ್ಗವನ್ನು ಅನುಸರಿಸುವವರು ಪ್ರತಿ ಅವಘಡದ ನಂತರ, ಹೊಸ ಬಿಲ್ ಹಾಕುವ ಮುನ್ನ, ಪೋರ್ಟಲ್‌ನಲ್ಲಿರುವ ಆ ದಿನದ ಇನ್‌ವಾಯ್ಸ್‌ಗಳನ್ನೂ ಬ್ಯಾಂಕ್ ಜಮಾ-ಖರ್ಚುಗಳನ್ನೂ ತಮ್ಮ ಪುಸ್ತಕದೊಡನೆ ತಾಳೆ ನೋಡುವ ಲಿಖಿತ ಕ್ರಮವನ್ನು ಇಟ್ಟುಕೊಳ್ಳತಕ್ಕದ್ದು.

ಸಾಮರ್ಥ್ಯದ ಲೆಕ್ಕ ಮತ್ತು ವಿಸ್ತರಣೆ

ಸಮೂಹದ ಸಾಮರ್ಥ್ಯವನ್ನು ಇರುವ ಯಂತ್ರಗಳಿಂದಲ್ಲದೆ, ಒಂದು ಯಂತ್ರ ಕೆಟ್ಟ ನಂತರ ಉಳಿಯುವ ಯಂತ್ರಗಳಿಂದ ಲೆಕ್ಕ ಹಾಕಬೇಕು. ತಲಾ 64 ಜಿಬಿ ಮೆಮೊರಿಯ ಮೂರು ಸರ್ವರ್‌ಗಳಿದ್ದರೆ ಒಟ್ಟು 192 ಜಿಬಿ. ಒಂದು ಹೋದರೆ ಉಳಿಯುವುದು 128 ಜಿಬಿ. ಪ್ರತಿ ಸರ್ವರ್‌ನ ಸ್ವಂತ ಕೆಲಸ ಮತ್ತು ಕಡತ ವ್ಯವಸ್ಥೆಗೆ ತಲಾ 8 ಜಿಬಿ ಮೀಸಲಿಟ್ಟರೆ ಹಂಚಬಹುದಾದುದು 112 ಜಿಬಿ ಮಾತ್ರ. ಉಳಿದ ಮೆಮೊರಿ ಕಣ್ಣಿಗೆ ಖಾಲಿಯಾಗಿ ಕಂಡರೂ ಅದು ಆಪತ್ಕಾಲದ ಮೀಸಲು ನಿಧಿ. ಈ ಮೀಸಲನ್ನು ದೈನಂದಿನ ಕೆಲಸಕ್ಕೆ ಹಂಚಿಬಿಟ್ಟರೆ ಯಂತ್ರ ಕೆಟ್ಟ ದಿನ ಉಳಿದ ಸರ್ವರ್‌ಗಳಲ್ಲಿ ಸ್ಥಳವಿಲ್ಲದೆ ಕೆಲವು ಕೆಲಸಗಳು ನಿಂತೇ ಇರುತ್ತವೆ.

ವಹಿವಾಟು ಬೆಳೆದಂತೆ ನಾಲ್ಕನೆಯ, ಐದನೆಯ ಸರ್ವರ್ ಸೇರಿಸುತ್ತಾ ಹೋಗಬಹುದು. ಹೊಸದನ್ನು ಸೇರಿಸಿ, ವರ್ಚುವಲ್ ಯಂತ್ರಗಳನ್ನು ಅದಕ್ಕೆ ಸಾಗಿಸಿ, ಅತ್ಯಂತ ಹಳೆಯದನ್ನು ನಿವೃತ್ತಿಗೊಳಿಸಬಹುದು. ಐದು ವರ್ಷಗಳ ಬೇಡಿಕೆಯನ್ನು ಇಂದೇ ಊಹಿಸಿ ದೊಡ್ಡ ಸರ್ವರ್ ಕೊಳ್ಳುವ ಬದಲು ಹಂತಹಂತವಾಗಿ ಬಂಡವಾಳ ತೊಡಗಿಸುವುದು ಇದರಿಂದ ಸಾಧ್ಯ. ಆದರೆ ಪ್ರೊಸೆಸರ್‌ಗಳು ಬೇರೆ ಬೇರೆ ಪೀಳಿಗೆಯವಾಗಿದ್ದರೆ, ಎಲ್ಲದರಲ್ಲಿಯೂ ಇರುವ ಸಾಮಾನ್ಯ ಸೌಲಭ್ಯಗಳನ್ನು ಮಾತ್ರ ಬಳಸುವಂತೆ ವರ್ಚುವಲ್ ಯಂತ್ರಗಳನ್ನು ಮೊದಲೇ ಹೊಂದಿಸಿಡಬೇಕು. ಇಲ್ಲವಾದರೆ ಚಾಲನೆಯಲ್ಲಿರುವ ಯಂತ್ರದ ಸಾಗಣೆ ವಿಫಲವಾಗಬಹುದು.

ಜಾಲ ಮತ್ತು ವಿದ್ಯುತ್

ಸರ್ವರ್‌ಗಳು ಪರಸ್ಪರ ಹಾಜರಿ ಹೇಳುವ ಸಂದೇಶಗಳು ಕೆಲವೇ ಮಿಲಿಸೆಕೆಂಡುಗಳಲ್ಲಿ ತಲುಪಬೇಕು. ಬ್ಯಾಕಪ್ ನಡೆಯುವಾಗ ಜಾಲ ಕಿಕ್ಕಿರಿದು ಈ ಸಂದೇಶಗಳು ತಡವಾದರೆ, ಆರೋಗ್ಯವಾಗಿರುವ ಸರ್ವರ್‌ಗಳೂ ಮರುಚಾಲನೆಯಾಗಬಹುದು. ಆದುದರಿಂದ ಈ ಸಂದೇಶಗಳಿಗೆ ಪ್ರತ್ಯೇಕ ಕೇಬಲ್ ಮತ್ತು ಸ್ವಿಚ್ ಇರಬೇಕು. ಇದೇ ಕಾರಣಕ್ಕೆ ಬೆಂಗಳೂರಿನ ಕಚೇರಿಯ ಎರಡು ಸರ್ವರ್ ಮತ್ತು ಹುಬ್ಬಳ್ಳಿಯ ಶಾಖೆಯ ಒಂದು ಸರ್ವರ್ ಸೇರಿಸಿ ಇಂಟರ್‌ನೆಟ್ ಮೂಲಕ ಒಂದೇ ಸಮೂಹ ಮಾಡುವುದು ಸರಿಯಲ್ಲ. ಶಾಖೆಯನ್ನು ಬ್ಯಾಕಪ್ ಪ್ರತಿ ಇಡಲು ಬಳಸಿಕೊಳ್ಳುವುದು ಉತ್ತಮ.

ಮೂರು ಸರ್ವರ್‌ಗಳನ್ನೂ ಒಂದೇ ಯುಪಿಎಸ್‌ಗೆ ಜೋಡಿಸಿದರೆ ಸಮೂಹದ ಉದ್ದೇಶವೇ ವಿಫಲವಾಗುತ್ತದೆ. ಕನಿಷ್ಠ ಎರಡು ಯುಪಿಎಸ್‌ಗಳ ನಡುವೆ ಹಂಚಬೇಕು. ಬ್ಯಾಟರಿ ಮುಗಿಯುವ ಮುನ್ನ ಸರ್ವರ್‌ಗಳನ್ನು ಕ್ರಮಬದ್ಧವಾಗಿ ಮುಚ್ಚುವ ಮುಕ್ತ ತಂತ್ರಾಂಶವೂ ಲಭ್ಯವಿದ್ದು ಅದನ್ನು ಅಳವಡಿಸಿಕೊಳ್ಳತಕ್ಕದ್ದು.

ಸಮೂಹವು ಬ್ಯಾಕಪ್ ಅಲ್ಲ

ಮೂರು ಸರ್ವರ್‌ಗಳಲ್ಲಿ ಮೂರು ಪ್ರತಿಗಳಿರುವಾಗ ಬ್ಯಾಕಪ್ ಏಕೆ ಎಂಬ ಪ್ರಶ್ನೆ ಬರುತ್ತದೆ. ಬಿಲ್ ಪುಸ್ತಕದಲ್ಲಿ ಕಾರ್ಬನ್ ಕಾಗದವಿಟ್ಟು ಬರೆದಾಗ ಮೊದಲ ಪ್ರತಿಯ ತಪ್ಪು ಮೂರನೆಯ ಪ್ರತಿಯಲ್ಲಿಯೂ ಮೂಡುತ್ತದೆ. ಹಾಗೆಯೇ ಸಿಬ್ಬಂದಿಯೊಬ್ಬರು ಒಂದು ಕಂಪನಿಯ ದತ್ತಾಂಶವನ್ನು ಅಳಿಸಿದರೆ ಅದು ಎಲ್ಲ ಪ್ರತಿಗಳಲ್ಲಿಯೂ ಅಳಿಯುತ್ತದೆ. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ತಂತ್ರಾಂಶ ನುಗ್ಗಿದರೆ ಮೂರೂ ಪ್ರತಿಗಳಿಗೆ ಬೀಗ ಬೀಳುತ್ತದೆ. ಸಮೂಹವು ಯಂತ್ರದ ವೈಫಲ್ಯದಿಂದ ರಕ್ಷಿಸುತ್ತದೆಯೇ ಹೊರತು ಮನುಷ್ಯನ ತಪ್ಪಿನಿಂದಾಗಲಿ ದುರುದ್ದೇಶದಿಂದಾಗಲಿ ರಕ್ಷಿಸುವುದಿಲ್ಲ.

ಆದುದರಿಂದ ಸಮೂಹಕ್ಕೆ ಸೇರದ ನಾಲ್ಕನೆಯ ಯಂತ್ರವೊಂದರಲ್ಲಿ ಪ್ರತಿದಿನದ ಬ್ಯಾಕಪ್ ಇರಬೇಕು. ಪ್ರಾಕ್ಸ್‌ಮಾಕ್ಸ್ ಕಂಪನಿಯೇ 2020ರಲ್ಲಿ ಇದಕ್ಕಾಗಿ ಪ್ರತ್ಯೇಕ ಮುಕ್ತ ತಂತ್ರಾಂಶವನ್ನು ಬಿಡುಗಡೆ ಮಾಡಿದೆ. ಅದು ಬದಲಾದ ಭಾಗವನ್ನು ಮಾತ್ರ ಕಳುಹಿಸಿ, ಒಂದೇ ರೀತಿಯ ಭಾಗಗಳನ್ನು ಒಮ್ಮೆ ಮಾತ್ರ ಶೇಖರಿಸುವುದರಿಂದ ಸ್ಥಳ ಮತ್ತು ಸಮಯ ಉಳಿಯುತ್ತದೆ. ಈ ಯಂತ್ರದ ಪಾಸ್‌ವರ್ಡ್ ಸಮೂಹದ ಪಾಸ್‌ವರ್ಡ್‌ಗಿಂತ ಬೇರೆಯಾಗಿರಬೇಕು; ಬ್ಯಾಕಪ್ ಅಳಿಸುವ ಅಧಿಕಾರ ಸಮೂಹದ ನಿರ್ವಾಹಕರಿಗೆ ಇರಬಾರದು. ಮತ್ತೊಂದು ಪ್ರತಿ ಬೇರೊಂದು ಕಟ್ಟಡದಲ್ಲಿರಬೇಕು.

ಬ್ಯಾಕಪ್ ಯಶಸ್ವಿಯಾಯಿತೆಂಬ ಸಂದೇಶವನ್ನು ನಂಬಿ ಕುಳಿತುಕೊಳ್ಳುವಂತಿಲ್ಲ. ಮೂರು ತಿಂಗಳಿಗೊಮ್ಮೆ ಒಂದು ಬ್ಯಾಕಪ್ ಅನ್ನು ಬೇರೆ ಹೆಸರಿನಲ್ಲಿ, ಜಾಲಕ್ಕೆ ಜೋಡಿಸದೆ ಮರುಸ್ಥಾಪಿಸಿ, ಅದರ ತಾಳೆಪಟ್ಟಿಯನ್ನು ಆ ದಿನದ ಮುದ್ರಿತ ತಾಳೆಪಟ್ಟಿಯೊಡನೆ ಹೋಲಿಸಬೇಕು. ಎರಡೂ ಸರಿಹೊಂದಿದರೆ ಮಾತ್ರ ಬ್ಯಾಕಪ್ ಇದೆ ಎಂದು ಹೇಳಬಹುದು.

ಕಾನೂನಿನ ದೃಷ್ಟಿಯಿಂದ ಗಮನಿಸಬೇಕಾದುದು

ಕಂಪನಿಗಳ (ಲೆಕ್ಕಪತ್ರಗಳು) ನಿಯಮಗಳು, 2014ರ 3ನೇ ನಿಯಮಕ್ಕೆ 2022ರ ಆಗಸ್ಟ್‌ನಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ, ವಿದ್ಯುನ್ಮಾನ ಲೆಕ್ಕಪತ್ರಗಳ ಬ್ಯಾಕಪ್ ಅನ್ನು ಭಾರತದೊಳಗೆ ಭೌತಿಕವಾಗಿ ಇರುವ ಸರ್ವರ್‌ನಲ್ಲಿ ಪ್ರತಿದಿನವೂ ಇಡಬೇಕು. ಖಾಸಗಿ ಸೀಮಿತ ಕಂಪನಿಗಳಿಗೂ ಇದು ಅನ್ವಯಿಸುತ್ತದೆ. ಕಂಪನಿ ಕಾಯ್ದೆಯ 128ನೇ ಪ್ರಕರಣದಂತೆ ಲೆಕ್ಕಪತ್ರಗಳನ್ನು ಎಂಟು ಹಣಕಾಸು ವರ್ಷಗಳ ಕಾಲ ಕಾಪಾಡಬೇಕು. ಜಿಎಸ್‌ಟಿ ಕಾಯ್ದೆಯ 36ನೇ ಪ್ರಕರಣದಂತೆ ವಾರ್ಷಿಕ ರಿಟರ್ನ್ ಸಲ್ಲಿಸಲು ನಿಗದಿಯಾದ ದಿನಾಂಕದಿಂದ 72 ತಿಂಗಳು ದಾಖಲೆಗಳನ್ನು ಉಳಿಸಿಕೊಳ್ಳಬೇಕು. ಹಳೆಯ ಬ್ಯಾಕಪ್‌ಗಳನ್ನು ತಾನಾಗಿಯೇ ಅಳಿಸುವ ಅವಧಿಯನ್ನು ನಿಗದಿಪಡಿಸುವಾಗ ಈ ಕಾಲಮಿತಿಗಳನ್ನು ಮರೆಯಬಾರದು.

ಹೆಚ್ಚಿನವರ ಗಮನಕ್ಕೆ ಬಾರದ ಅಂಶವೆಂದರೆ ಸ್ನ್ಯಾಪ್‌ಶಾಟ್ ಸೌಲಭ್ಯ. ಒಂದು ಕ್ಷಣದ ಸ್ಥಿತಿಯನ್ನು ಹಿಡಿದಿಟ್ಟು, ಬೇಕೆಂದಾಗ ಇಡೀ ವರ್ಚುವಲ್ ಯಂತ್ರವನ್ನು ಆ ಸ್ಥಿತಿಗೆ ಹಿಂತಿರುಗಿಸಲು ಇದು ಅವಕಾಶ ನೀಡುತ್ತದೆ. 1-4-2023ರಿಂದ ಆರಂಭವಾದ ಹಣಕಾಸು ವರ್ಷದಿಂದ ಕಂಪನಿಗಳು ಪ್ರತಿ ಬದಲಾವಣೆಯ ಜಾಡನ್ನು ದಾಖಲಿಸುವ ಮತ್ತು ಆ ದಾಖಲೆಯನ್ನು ನಿಷ್ಕ್ರಿಯಗೊಳಿಸಲಾಗದ ಲೆಕ್ಕಪತ್ರ ತಂತ್ರಾಂಶವನ್ನೇ ಬಳಸಬೇಕಾಗಿದೆ. ಈ ಜಾಡು ವರ್ಷವಿಡೀ ಕಾರ್ಯನಿರತವಾಗಿತ್ತೇ, ತಿದ್ದಲ್ಪಟ್ಟಿದೆಯೇ ಎಂಬುದನ್ನು ಲೆಕ್ಕಪರಿಶೋಧಕರು ವರದಿ ಮಾಡಬೇಕಾಗುತ್ತದೆ. ಲೆಕ್ಕಪತ್ರ ತಂತ್ರಾಂಶ ಎಷ್ಟೇ ಭದ್ರವಾಗಿದ್ದರೂ, ಅದು ಕುಳಿತಿರುವ ಯಂತ್ರವನ್ನೇ ನಿನ್ನೆಯ ಸ್ನ್ಯಾಪ್‌ಶಾಟ್‌ಗೆ ಹಿಂತಿರುಗಿಸಿದರೆ ಇಂದಿನ ನಮೂದುಗಳ ಜೊತೆಗೆ ಇಂದಿನ ಜಾಡೂ ಮಾಯವಾಗುತ್ತದೆ. ಸದುದ್ದೇಶದಿಂದ ಮಾಡಿದ ದುರಸ್ತಿಯೂ ಪರಿಶೋಧನೆಯ ಕಾಲದಲ್ಲಿ ಸಂಶಯಕ್ಕೆ ಎಡೆಮಾಡಬಹುದು. ಆದುದರಿಂದ ಲೆಕ್ಕಪತ್ರ ಯಂತ್ರವನ್ನು ಹಿಂತಿರುಗಿಸುವ ಅಧಿಕಾರವನ್ನು ಸೀಮಿತಗೊಳಿಸಿ, ತಂತ್ರಜ್ಞ ಮತ್ತು ಲೆಕ್ಕಪತ್ರ ಮುಖ್ಯಸ್ಥ ಇಬ್ಬರ ಸಹಿಯೊಡನೆ ದಿನಾಂಕ, ವೇಳೆ, ಕಾರಣಗಳನ್ನು ಒಂದು ರಿಜಿಸ್ಟರ್‌ನಲ್ಲಿ ದಾಖಲಿಸಬೇಕು. ಹಿಂತಿರುಗಿಸುವ ಮುನ್ನ ಅಂದಿನ ಸ್ಥಿತಿಯ ಬ್ಯಾಕಪ್ ಅನ್ನೂ ತೆಗೆದಿಡತಕ್ಕದ್ದು.

ಇದಲ್ಲದೆ ಸಿಇಆರ್‌ಟಿ-ಇನ್ ಸಂಸ್ಥೆಯು 28-4-2022ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ ಕಂಪನಿಗಳು ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು ಮತ್ತು ತಮ್ಮ ಗಣಕ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಕಾಪಾಡಬೇಕು.

ನಿಜವಾದ ವೆಚ್ಚ

ಸಮೂಹದ ತಂತ್ರಾಂಶಕ್ಕೆ ಶುಲ್ಕವಿಲ್ಲದಿದ್ದರೂ ಅದರೊಳಗೆ ನಡೆಯುವ ವಿಂಡೋಸ್‌ಗೆ ಪರವಾನಗಿ ಬೇಕೇ ಬೇಕು. ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್ ಆವೃತ್ತಿಯಲ್ಲಿ ಭೌತಿಕ ಸರ್ವರ್‌ನ ಎಲ್ಲ ಕೋರ್‌ಗಳಿಗೂ, ಕನಿಷ್ಠ 16 ಕೋರ್‌ಗಳಿಗೆ, ಪರವಾನಗಿ ಪಡೆದರೆ ಎರಡು ವರ್ಚುವಲ್ ಯಂತ್ರಗಳನ್ನು ನಡೆಸಬಹುದು. ಯಂತ್ರವು ಮೂರರಲ್ಲಿ ಯಾವ ಸರ್ವರ್‌ಗೆ ಬೇಕಾದರೂ ಹೋಗಬಹುದಾದುದರಿಂದ, ಈ ರೀತಿಯ ಪರವಾನಗಿಯಲ್ಲಿ ಮೂರೂ ಸರ್ವರ್‌ಗಳಿಗೆ ಅದು ಬೇಕಾಗುತ್ತದೆ. ಪ್ರಸ್ತಾವಗಳಲ್ಲಿ ಈ ಬಾಬತ್ತು ಬಿಟ್ಟುಹೋಗುವುದು ಸಾಮಾನ್ಯ. ನಿರ್ದಿಷ್ಟ ಯಂತ್ರಕ್ಕೆ ಅಥವಾ ಯುಎಸ್‌ಬಿ ಡಾಂಗಲ್‌ಗೆ ಬೆಸೆದಿರುವ ಲೆಕ್ಕಪತ್ರ ಹಾಗೂ ವಿನ್ಯಾಸ ತಂತ್ರಾಂಶಗಳು ಸ್ಥಳಾಂತರದ ನಂತರವೂ ನಡೆಯುತ್ತವೆಯೇ ಎಂಬುದನ್ನು ಅವುಗಳ ಮಾರಾಟಗಾರರಿಂದ ಲಿಖಿತವಾಗಿ ಪಡೆಯಬೇಕು. ಲಿನಕ್ಸ್ ಮೇಲೆ ನಡೆಯುವ ಇಆರ್‌ಪಿನೆಕ್ಸ್ಟ್‌ನಂತಹ ಭಾರತೀಯ ಮೂಲದ ಮುಕ್ತ ತಂತ್ರಾಂಶಗಳಿಗೆ ಈ ತೊಡಕಿಲ್ಲ.

ಇವುಗಳ ಜೊತೆಗೆ ಸರ್ವರ್‌ಗಳು, ಬ್ಯಾಕಪ್ ಯಂತ್ರ, ಸ್ವಿಚ್, ಯುಪಿಎಸ್, ವಿದ್ಯುತ್ ಹಾಗೂ ನಿರ್ವಹಣಾ ಒಪ್ಪಂದದ ವೆಚ್ಚಗಳನ್ನು ಸೇರಿಸಬೇಕು. ಕಂಪನಿ ಕಾಯ್ದೆಯ 2ನೇ ಅನುಸೂಚಿಯಲ್ಲಿ ಸರ್ವರ್ ಮತ್ತು ಜಾಲಗಳ ಉಪಯುಕ್ತ ಆಯಸ್ಸು 6 ವರ್ಷವೆಂದೂ, ಸಾಮಾನ್ಯ ಡೆಸ್ಕ್‌ಟಾಪ್ ಹಾಗೂ ಲ್ಯಾಪ್‌ಟಾಪ್‌ಗಳದು 3 ವರ್ಷವೆಂದೂ ಇದೆ. ಸವಕಳಿ ಲೆಕ್ಕದಲ್ಲಿ ಎರಡನ್ನೂ ಬೇರೆಯಾಗಿ ತೋರಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ವ್ಯವಸ್ಥೆಯನ್ನು ಬಲ್ಲವರು ಒಬ್ಬರೇ ಆಗಿದ್ದರೆ ಒಂದು ಸರ್ವರ್‌ನ ಅವಲಂಬನೆ ಹೋಗಿ ಒಬ್ಬ ವ್ಯಕ್ತಿಯ ಅವಲಂಬನೆ ಬಂದಂತಾಗುತ್ತದೆ. ವ್ಯವಸ್ಥೆಯ ನಕ್ಷೆ, ಪಾಸ್‌ವರ್ಡ್‌ಗಳು ಮತ್ತು ಮರುಸ್ಥಾಪನೆಯ ವಿಧಾನ ಮುದ್ರಿತ ರೂಪದಲ್ಲಿ ಮಾಲೀಕರ ತಿಜೋರಿಯಲ್ಲಿರಬೇಕು.

ಯಾರಿಗೆ ಬೇಕು, ಯಾರಿಗೆ ಬೇಡ?

ನಾಲ್ಕೈದು ಗಣಕಯಂತ್ರಗಳ ಅಂಗಡಿಗೆ ಸಮೂಹ ಅನಗತ್ಯ. ಅಂಥವರಿಗೆ ಒಂದು ಉತ್ತಮ ಯಂತ್ರ, ಮತ್ತೊಂದು ಸಿದ್ಧವಾಗಿರುವ ಯಂತ್ರ ಮತ್ತು ಪ್ರತಿದಿನದ ಬ್ಯಾಕಪ್ ಸಾಕು. ಅರ್ಧ ದಿನ ಬಿಲ್ಲಿಂಗ್ ನಿಂತರೆ ಆಗುವ ನಷ್ಟವನ್ನು ರೂಪಾಯಿಯಲ್ಲಿ ಲೆಕ್ಕ ಹಾಕಿ, ಅಂಥ ಸಂದರ್ಭಗಳು ವರ್ಷದಲ್ಲಿ ಎಷ್ಟು ಬಂದಿವೆಯೆಂದು ನೋಡಿ, ಆ ಮೊತ್ತವನ್ನು ಸಮೂಹದ ವಾರ್ಷಿಕ ವೆಚ್ಚದೊಡನೆ ಹೋಲಿಸುವುದು ಸರಿಯಾದ ಕ್ರಮ. ಲೆಕ್ಕಪತ್ರ, ಉತ್ಪಾದನಾ ಯೋಜನೆ, ವಿನ್ಯಾಸ ಕಡತಗಳು, ಹಾಜರಿ, ಇಮೇಲ್ ಮೊದಲಾದ ಹಲವು ಕೆಲಸಗಳನ್ನು ಸ್ವಂತ ಸರ್ವರ್‌ಗಳಲ್ಲಿ ನಡೆಸುವ, ಎರಡು ಪಾಳಿಯಲ್ಲಿ ದುಡಿಯುವ ಘಟಕಗಳಿಗೆ ಇದು ಸಾಮಾನ್ಯವಾಗಿ ಲಾಭದಾಯಕವಾಗುತ್ತದೆ.

ಅನುಷ್ಠಾನದ ಕ್ರಮ

1. ಈಗಿರುವ ಕೆಲಸಗಳನ್ನು ಪಟ್ಟಿ ಮಾಡಿ, ಪ್ರತಿಯೊಂದೂ ಎಷ್ಟು ಹೊತ್ತು ನಿಲ್ಲಬಹುದು, ಎಷ್ಟು ನಿಮಿಷಗಳ ದತ್ತಾಂಶ ನಷ್ಟವಾಗಬಹುದು ಎಂಬುದನ್ನು ಬರೆಯುವುದು.

2. ಸಮೂಹಕ್ಕೂ ಮೊದಲು ಬ್ಯಾಕಪ್ ಯಂತ್ರವನ್ನು ಸ್ಥಾಪಿಸಿ ಮರುಸ್ಥಾಪನೆಯನ್ನು ಪರೀಕ್ಷಿಸುವುದು.

3. ಮೂರು ಸರ್ವರ್‌ಗಳನ್ನು, ಅಥವಾ ಎರಡು ಸರ್ವರ್ ಮತ್ತು ಒಂದು ಮತಯಂತ್ರವನ್ನು ಜೋಡಿಸಿ, ಮೊದಲು ಕಡಿಮೆ ಮಹತ್ವದ ಕೆಲಸಗಳನ್ನು ವರ್ಗಾಯಿಸುವುದು.

4. ರಜಾ ದಿನದಂದು ಒಂದು ಸರ್ವರ್‌ನ ವಿದ್ಯುತ್ ಪ್ಲಗ್ ಅನ್ನು ಮಾರಾಟಗಾರರ ಸಮಕ್ಷಮದಲ್ಲಿ ಕಿತ್ತು, ಕೆಲಸಗಳು ಎಷ್ಟು ನಿಮಿಷದಲ್ಲಿ ಮರಳಿದವೆಂದು ದಾಖಲಿಸುವುದು. ಅಂತಿಮ ಕಂತಿನ ಪಾವತಿಯನ್ನು ಈ ಪರೀಕ್ಷೆಗೆ ಒಳಪಡಿಸುವುದು.

5. ಲೆಕ್ಕಪತ್ರ ಯಂತ್ರವನ್ನು ಕೊನೆಯಲ್ಲಿ, ತಿಂಗಳ ರಿಟರ್ನ್ ಸಲ್ಲಿಸಿದ ನಂತರ ವರ್ಗಾಯಿಸುವುದು. ಮಾರ್ಚ್ ತಿಂಗಳಿನಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದು.

6. ಮೂರು ತಿಂಗಳಿಗೊಮ್ಮೆ ಪ್ಲಗ್ ಪರೀಕ್ಷೆ ಮತ್ತು ತಾಳೆಪಟ್ಟಿ ಪರೀಕ್ಷೆ ಎರಡನ್ನೂ ನಡೆಸಿ ಫಲಿತಾಂಶಕ್ಕೆ ಮಾಲೀಕರು ಸಹಿ ಮಾಡುವುದು.

ಮುಕ್ತ ತಂತ್ರಾಂಶಗಳು ದೊಡ್ಡ ಕಂಪನಿಗಳ ಸೌಲಭ್ಯವನ್ನು ಸಣ್ಣ ಉದ್ಯಮಿಗಳ ಕೈಗೆಟುಕುವಂತೆ ಮಾಡಿವೆ. ಪರವಾನಗಿಯಲ್ಲಿ ಉಳಿದ ಹಣದ ಒಂದು ಭಾಗವನ್ನು ಮೂರನೆಯ ಮತಕ್ಕೆ, ಹೊರಗಿನ ಬ್ಯಾಕಪ್‌ಗೆ ಮತ್ತು ಸಿಬ್ಬಂದಿಯ ತರಬೇತಿಗೆ ವಿನಿಯೋಗಿಸಿದ ಸಂಸ್ಥೆಗೆ ಈ ವ್ಯವಸ್ಥೆ ನೆರವಾಗುತ್ತದೆ. ಈ ಮೂರರಲ್ಲಿ ಒಂದನ್ನು ಕೈಬಿಟ್ಟರೂ, ಮೂರು ಸರ್ವರ್‌ಗಳನ್ನು ಕೊಂಡ ನಂತರವೂ ಸಂಸ್ಥೆಯು ಒಂದೇ ಸರ್ವರ್ ಇದ್ದಾಗಿನಷ್ಟೇ ಅಪಾಯದಲ್ಲಿ ಉಳಿಯುತ್ತದೆ.